ಏಳನೆಯ ಸಹಿಯ ವಿದೇಶಯಾತ್ರೆ

ಚಾಮರಾಜಪೇಟೆ, ಶಂಕರಪುರಂ: ಹೊರಡುವ ಮುಂಚೆ

ನಮ್ಮ ವಿಮಾ ಕಂಪನಿಯ ಸಾಫ್ಟ್‌ವೇರಿನಲ್ಲಿ ಒಂದು ಅಲ್ಪವಿರಾಮ ಬದಲಾಯಿಸಬೇಕಾದರೆ ಏಳು ಸಹಿ ಬೇಕು. ಏಳನೆಯದು ನನ್ನದು. ಮೊದಲ ಆರು ಸಹಿಗಳು ಒಂದರ ಕೆಳಗೊಂದು ಬಂದು ನಿಂತು ನನ್ನ ಪೆನ್ನಿನ ದಾರಿ ಕಾಯುತ್ತವೆ. ಹೊರಗಿನವರು ಇದನ್ನು ಅಧಿಕಾರ ಎನ್ನುತ್ತಾರೆ. ಚಾಮರಾಜಪೇಟೆಯ ನಮ್ಮ ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ಇದಕ್ಕೆ ಜವಾಬ್ದಾರಿ ಎಂದು ಹೆಸರು. ಇಂಥ ಮನುಷ್ಯನನ್ನು ಒಂಬತ್ತು ದಿನ ನೆದರ್‌ಲ್ಯಾಂಡ್ಸಿಗೆ ಕಳಿಸಿ, ಸಹಿಯಿಲ್ಲದೆ ಕೆಲಸ ಹೇಗೆ ನಡೆಯುತ್ತದೆಂದು ನೋಡಿಕೊಂಡು ಬಾ ಎಂದರೆ, ಅದು ಪುರೋಹಿತರನ್ನು ರಿಜಿಸ್ಟರ್ ಮದುವೆಗೆ ಸಾಕ್ಷಿಯಾಗಿ ಕರೆದ ಹಾಗೆ.

ಕಾರಣ ಇಷ್ಟೆ. ನಮ್ಮ ಹೊಸ ಡೈರೆಕ್ಟರು, ನನಗಿಂತ ಹದಿನಾಲ್ಕು ವರ್ಷ ಚಿಕ್ಕವರು, ಕಂಪನಿ ಇನ್ನು ಮುಂದೆ ‘ಅಜೈಲ್’ ಆಗಬೇಕೆಂದು ತೀರ್ಮಾನಿಸಿದ್ದರು. ಈ ಪದವನ್ನು ಇನ್ನೂ ಕೇಳದ ಪುಣ್ಯವಂತರಿಗಾಗಿ ಹೇಳುತ್ತೇನೆ. ಒಂದು ಸಾಫ್ಟ್‌ವೇರನ್ನು ವರ್ಷಗಟ್ಟಲೆ ಮುಚ್ಚಿದ ಕೋಣೆಯಲ್ಲಿ ಕಟ್ಟಿ ಕೊನೆಗೊಂದು ದಿನ ಲೋಕಕ್ಕೆ ಅರ್ಪಿಸುವ ಬದಲು, ಎರಡೆರಡು ವಾರಕ್ಕೆ ಒಂದಿಷ್ಟು ಮುಗಿಸಿ, ಬಳಸುವವರಿಗೇ ತೋರಿಸಿ, ಅವರು ಬೈದದ್ದನ್ನು ತಿದ್ದಿಕೊಂಡು ಮುಂದೆ ಹೋಗುವುದು. ಇದನ್ನು ಏಳೆಂಟು ಜನರ ಸಣ್ಣ ತಂಡ ತಾನೇ ಮಾಡಬೇಕು. ಬರೆಯುವವರು, ಬರೆದದ್ದನ್ನು ಪರೀಕ್ಷಿಸುವವರು, ಎಲ್ಲ ಒಂದೇ ಮೇಜಿನ ಸುತ್ತ. ಹಾಗಾದರೆ ಪ್ರತ್ಯೇಕ ಟೆಸ್ಟಿಂಗ್ ವಿಭಾಗ ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಎದ್ದಿತು.

ಒಂದು ಪ್ರಯೋಗ ಆಗಲೇ ನಡೆದಿತ್ತು. ದಿನಾ ಬೆಳಿಗ್ಗೆ ತಂಡದವರೆಲ್ಲ ಹದಿನೈದು ನಿಮಿಷ ನಿಂತುಕೊಂಡು ಮಾತಾಡಬೇಕು. ನಿಂತರೆ ಕಾಲು ನೋಯುತ್ತದೆ, ಕಾಲು ನೊಂದರೆ ಮಾತು ಮೊಟಕಾಗುತ್ತದೆ ಎಂಬುದು ಶಾಸ್ತ್ರ. ಮೊದಲ ದಿನವೇ ಅಟೆಂಡರು ನನಗೊಂದು ಕುರ್ಚಿ ತಂದು ಹಾಕಿದರು. ವಯಸ್ಸಾದವರು ನಿಂತಿರುವುದನ್ನು ನೋಡಲು ಅವರಿಂದಾಗಲಿಲ್ಲ. ಬೇಡ ಎಂದರೆ ಅವರಿಗೆ ಬೇಜಾರು, ಹಾಗಾಗಿ ಕೂತೆ. ಮರುದಿನ ಡೈರೆಕ್ಟರು ಬಂದರು, ಅವರಿಗೊಂದು. ಒಂದು ವಾರದಲ್ಲಿ ಐವತ್ತು ದಾಟಿದವರಿಗೆಲ್ಲ ಕುರ್ಚಿ, ಎರಡನೇ ವಾರ ಕಾಫಿ, ಮೂರನೇ ವಾರ ಉದ್ದಿನವಡೆ. ತಿಂಗಳು ತುಂಬುವ ಹೊತ್ತಿಗೆ ಆ ನಿಂತ ಸಭೆ ಒಂದೂವರೆ ಗಂಟೆ ನಡೆಯುತ್ತಿತ್ತು. ನಿಂತಿರುತ್ತಿದ್ದವರು ಬಾಯಿ ಬಿಡದ ಕಿರಿಯರು ಮಾತ್ರ.

ಡೈರೆಕ್ಟರು ನನ್ನನ್ನು ಕರೆದರು.

“ಮೂರ್ತಿ ಸಾರ್, ಯುಟ್ರೆಕ್ಟ್‌ನಲ್ಲಿ ನಮ್ಮ ಪಾಲುದಾರ ಕಂಪನಿ ಇದನ್ನ ಶುರು ಮಾಡಿ ಹತ್ತು ವರ್ಷ ಆಯ್ತು. ನೀವು ಹೋಗಿ ನೋಡ್ಕೊಂಡ್ ಬನ್ನಿ. ಟೆಸ್ಟಿಂಗ್ ವಿಭಾಗಾನ ತಂಡಗಳಿಗೆ ಹಂಚಬೇಕೋ, ಹಾಗೇ ಇಟ್ಕೋಬೇಕೋ, ನೀವೇ ವರದಿ ಕೊಡಿ. ನೀವು ಏನ್ ಬರೀತೀರೋ ಅದೇ ಫೈನಲ್.”

“ನಾನೇ ಯಾಕೆ?”

“ನೀವು ಒಪ್ಪಿದ್ರೆ ಮಿಕ್ಕವರೆಲ್ಲ ಒಪ್ತಾರೆ. ನೀವು ಒಪ್ಪದೇ ಹೋದ್ರೆ ನಾನು ತಲೆಕೆಳಗಾಗಿ ನಿಂತ್ರೂ ಇಲ್ಲಿ ಏನೂ ಅಲ್ಲಾಡಲ್ಲ.”

ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ. ಪಾಸ್‌ಪೋರ್ಟ್ ಹುಡುಕಿದೆ.

ಹೊರಡುವ ಹಿಂದಿನ ಭಾನುವಾರ ಪದ್ಮಾವತಿಯವರು ಶಂಕರಪುರದ ನಮ್ಮ ಮನೆಗೆ ಬಂದರು. ಅವರೇ ಆ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ. ಇಪ್ಪತ್ತೆರಡು ವರ್ಷದಿಂದ ನಮ್ಮ ಸಾಫ್ಟ್‌ವೇರಿನ ತಪ್ಪು ಹುಡುಕುತ್ತಿದ್ದಾರೆ. ಎನ್.ಆರ್. ಕಾಲೋನಿಯಿಂದ ನಡೆದೇ ಬಂದಿದ್ದರು. ಕೈಯಲ್ಲಿ ಚಟ್ನಿಪುಡಿಯ ಪೊಟ್ಟಣ. ನನ್ನ ಹೆಂಡತಿ ಕಾಫಿ ತರಲು ಒಳಗೆ ಹೋದದ್ದೇ ತಡ, ವಿಷಯಕ್ಕೆ ಬಂದರು.

“ಸಾರ್, ನಮ್ಮನ್ನ ಒಡೀಬೇಕಾ ಬೇಡ್ವಾ ಅಂತ ಬರೆಯೋದು ನೀವೇನಂತೆ?”

“ನಾನೇ.”

“ಬೇಡ ಅಂತ ಬರೀರಿ.”

“ನೋಡದೇನೇ?”

“ನೋಡ್ಕೊಂಡ್ ಬನ್ನಿ. ಆಮೇಲೆ ಬೇಡ ಅಂತ ಬರೀರಿ.”

ನಾನು ನಕ್ಕೆ. ಅವರು ನಗಲಿಲ್ಲ.

“ತಮಾಷೆ ಅಲ್ಲ ಸಾರ್. ನಮ್ಮ ಹದಿನಾಲ್ಕು ಜನರನ್ನ ಒಂದೊಂದು ತಂಡಕ್ಕೆ ಒಬ್ಬೊಬ್ಬರ ಹಾಗೆ ಹಂಚಿಬಿಟ್ರೆ, ಕೋಡ್ ಬರೆಯೋರು ಐದು ಜನ, ನಮ್ಮವಳು ಒಬ್ಬಳು. ‘ಇದು ತಪ್ಪು’ ಅನ್ನೋಕೆ ಅವಳಿಗೆ ಧೈರ್ಯ ಎಲ್ಲಿಂದ ಬರತ್ತೆ? ಈಗಾದ್ರೆ ನಮಗೊಂದು ಬಾಗಿಲಿದೆ. ಬಾಗಿಲ ಹಿಂದೆ ನಾನಿದೀನಿ. ಇಷ್ಟಿದ್ದೂ ಓಕಳಿಪುರದ ಆ ಯಜಮಾನರ ವಿಷಯದಲ್ಲಿ ಹಾಗಾಯ್ತು. ಇದೂ ಇಲ್ದಿದ್ರೆ?”

ಓಕಳಿಪುರದ ಯಜಮಾನರ ವಿಷಯ ಹೀಗೆ. ಗಂಡ ಹೆಂಡತಿ ಇಬ್ಬರ ಹೆಸರಲ್ಲಿರುವ ಪಾಲಿಸಿಯಲ್ಲಿ ಒಬ್ಬರು ತೀರಿಕೊಂಡರೆ ಉಳಿದವರಿಗೆ ಕಂಪನಿಯಿಂದ ಸಂತಾಪದ ಪತ್ರ ಹೋಗುತ್ತದೆ. ಹಿಂದಿನ ವರ್ಷ ಹೊಸ ಸಾಫ್ಟ್‌ವೇರಿನಿಂದ ಹೋದ ಪತ್ರಗಳಲ್ಲಿ ಹೆಸರು ಅದಲುಬದಲಾಗಿತ್ತು. ಬದುಕಿದ್ದವರಿಗೆ ಅವರದೇ ನಿಧನದ ಸಂತಾಪ ತಲುಪಿತು. ಓಕಳಿಪುರದಿಂದ ಒಬ್ಬ ಹಿರಿಯರು ಆ ಪತ್ರ ಹಿಡಿದು ಬಂದರು. ಜಗಳ ಆಡಲಿಲ್ಲ. “ಹೋದದ್ದು ಅವಳು, ನಾನಲ್ಲ. ನಿಮ್ಮ ಕಾಗದಕ್ಕೂ ಸ್ವಲ್ಪ ಹೇಳಿ,” ಅಂದರು. ಪದ್ಮಾವತಿಯವರು ಅವರನ್ನು ಕೂರಿಸಿ, ನೀರು ಕೊಟ್ಟು, ಕ್ಷಮೆ ಕೇಳಿದರು. ಟೆಸ್ಟ್ ಮಾಡಿದ್ದು ಯಾರು ಎಂದು ಕಂಪನಿಯೆಲ್ಲ ಅವರ ವಿಭಾಗದ ಕಡೆ ಬೆರಳು ತೋರಿಸಿತು.

ಆದರೆ ಆ ತಪ್ಪನ್ನು ಅವರ ವಿಭಾಗ ಮೊದಲೇ ಹಿಡಿದಿತ್ತು. ಲಿಖಿತವಾಗಿ ಕೊಟ್ಟಿತ್ತು. “ನಾನು ನಿಲ್ಲಿಸಿ ಅಂತ ಬರೆದಿದ್ದೆನಲ್ಲ ಸಾರ್,” ಎಂದು ಅವರು ಆಗ ಕೇಳಿದಾಗ, “ಮೇಲಿನವರು ಒಪ್ಪಲಿಲ್ಲ,” ಎಂದಿದ್ದೆ. ಮೇಲಿನವರು ಯಾರು ಎಂದು ಅವರು ಕೇಳಲಿಲ್ಲ. ಅವರ ಆಕ್ಷೇಪದ ಕೆಳಗೆ ‘ಗಮನಿಸಲಾಗಿದೆ’ ಎಂದು ಬರೆದು, ಬಿಡುಗಡೆಯ ತಾರೀಖು ತಪ್ಪಬಾರದೆಂದು ಸಹಿ ಹಾಕಿದ ಕೈ ನನ್ನದು. ನನ್ನ ಮೇಲಿನವರ್ಯಾರೂ ಆ ಕಾಗದ ನೋಡಿರಲೇ ಇಲ್ಲ.

“ನೋಡೋಣ ಬಿಡಿ. ನಾನಿದೀನಲ್ಲ,” ಎಂದೆ.

ಅವರು ಸಮಾಧಾನವಾಗಿ ಕಾಫಿ ಕುಡಿದು ಹೋದರು. ನಾನು ಸಂಜೆಯವರೆಗೆ ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಪಡಸಾಲೆಗೆ ಓಡಾಡಿದೆ. “ವಿಮಾನ ಹತ್ತೋದು ನಾಳಿದ್ದು, ಈಗ್ಲೇ ಯಾಕೆ ಹಾರಾಡ್ತಿದೀರಿ?” ಎಂದಳು ಹೆಂಡತಿ.

ಯುಟ್ರೆಕ್ಟ್, ಬುಧವಾರ: ಕೂರಲು ಜಾಗ

ಯುಟ್ರೆಕ್ಟಿನಲ್ಲಿ ಕಾಲುವೆಗಳು ಬಹಳ, ಸೈಕಲ್ಲುಗಳು ಇನ್ನೂ ಬಹಳ. ನಿಲ್ದಾಣದ ಹೊರಗೆ ಕೆಂಪು ಬಣ್ಣದ ಚಂದದ ದಾರಿಯೊಂದು ಕಂಡಿತು. ಅದರ ಮೇಲೆ ನಿಂತು ಸೂಟ್‌ಕೇಸಿನ ಹಿಡಿ ಸರಿಮಾಡಿಕೊಂಡೆ. ಅದು ಸೈಕಲ್ಲಿನವರ ದಾರಿ. ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಗಂಟೆ ಬಾರಿಸುತ್ತ, ವೇಗ ಒಂದಿಷ್ಟೂ ಕಮ್ಮಿ ಮಾಡದೆ ನನ್ನ ಕಿವಿಯ ಪಕ್ಕದಲ್ಲೇ ಹಾದುಹೋದರು. ಗಾಂಧಿ ಬಜಾರಿನಲ್ಲಿ ರಸ್ತೆ ದಾಟುವಾಗ ಬರುವವನ ಕಣ್ಣು ನೋಡುತ್ತೇವೆ. ಅವನು ನಮ್ಮ ಕಣ್ಣು ನೋಡುತ್ತಾನೆ. ಏನೋ ಒಂದು ಒಪ್ಪಂದವಾಗುತ್ತದೆ. ಇಲ್ಲಿ ಯಾರೂ ಕಣ್ಣು ಕೊಡುವುದಿಲ್ಲ. ನಿಯಮ ಅವರ ಕಡೆ ಇದೆ, ಕಣ್ಣೇಕೆ?

ಕಚೇರಿಯಲ್ಲಿ ನನ್ನನ್ನು ಬರಮಾಡಿಕೊಂಡವರು ಮರೈಕೆ ಎಂಬ ಎತ್ತರದ ಹೆಂಗಸು. ತಂಡದ ಕೆಲಸಕ್ಕೆ ಅಡ್ಡಬಂದದ್ದನ್ನು ತೆಗೆಯುವುದು ತನ್ನ ಕೆಲಸ ಎಂದು ಪರಿಚಯ ಮಾಡಿಕೊಂಡರು. ನಾನು ಅಡ್ಡಬರುವುದು ನನ್ನ ಕೆಲಸ ಎಂದು ಹೇಳಲಿಲ್ಲ.

“ನನ್ನ ಜಾಗ ಯಾವುದು?” ಎಂದೆ.

“ಯಾವುದಾದರೂ.”

ಅಲ್ಲಿ ಯಾರಿಗೂ ತನ್ನದೆಂಬ ಮೇಜಿಲ್ಲ. ಬೆಳಿಗ್ಗೆ ಬಂದವರು ಖಾಲಿ ಇದ್ದಲ್ಲಿ ಕೂರುತ್ತಾರೆ, ಸಂಜೆ ಒರೆಸಿಟ್ಟು ಹೋಗುತ್ತಾರೆ. ಇಪ್ಪತ್ತೊಂಬತ್ತು ವರ್ಷ ಒಂದೇ ಕಿಟಕಿಗೆ ಬೆನ್ನು ಹಾಕಿ ಕೂತ ನನಗೆ ಎಲ್ಲಿ ಕೂತರೂ ಬೇರೆಯವರ ಮನೆಯ ದೇವರ ಕೋಣೆಯಲ್ಲಿ ಕೂತ ಹಾಗಾಯಿತು. ಆ ದಿನ ನಾಲ್ಕು ಸಲ ಜಾಗ ಬದಲಿಸಿದೆ. ಯಾರೂ ಎಬ್ಬಿಸಿರಲಿಲ್ಲ.

ಮೇಜಿನಂತೆ ಕಾಫಿಗೂ ಒಂದು ಶಿಸ್ತು. ಹನ್ನೊಂದು ಹತ್ತಕ್ಕೆ ಕಾಫಿ ಎಂದು ಮರೈಕೆ ಮೊದಲೇ ಡೈರಿಯಲ್ಲಿ ಬರೆದಿದ್ದರು. ಕಾಫಿಯ ಜೊತೆ ಬಿಸ್ಕತ್ತಿನ ಡಬ್ಬಿ ಬಂತು, ನಾನೊಂದು ತೆಗೆದುಕೊಂಡೆ, ಮುಚ್ಚಳ ಬಿತ್ತು. ಇನ್ನೊಂದು ತಗೊಳ್ಳಿ, ಏನೂ ತಿನ್ನಲೇ ಇಲ್ಲ ಎಂಬ ಮಾತು ಬರುತ್ತದೇನೋ ಎಂದು ಮುಚ್ಚಳವನ್ನೇ ನೋಡುತ್ತ ಕೂತಿದ್ದೆ. ಬರಲಿಲ್ಲ.

ನಿಂತ ಸಭೆ ಹನ್ನೊಂದೂವರೆಗೆ. ಎಂಟು ಜನ ಬೋರ್ಡಿನ ಮುಂದೆ ನಿಂತರು. ನಿಜವಾಗಿಯೂ ನಿಂತರು. ಬೋರ್ಡಿನಲ್ಲಿ ಮೂರು ಸಾಲು: ಮಾಡಬೇಕು, ಮಾಡುತ್ತಿದ್ದೇವೆ, ಆಯಿತು. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಒಬ್ಬ, “ನಿನ್ನೆ ಮುಗಿಸುತ್ತೇನೆ ಅಂದಿದ್ದೆ, ಮುಗಿಸಲಿಲ್ಲ, ಅಂದಾಜು ತಪ್ಪಿದೆ,” ಎಂದ. ನಾನು ಅವನ ಪರವಾಗಿ ಬೆವತೆ. ಯಾರೂ ಏನೂ ಅನ್ನಲಿಲ್ಲ. ನಮ್ಮಲ್ಲಿ ಯಾವ ಕೆಲಸವೂ ಆಗಿಲ್ಲ ಅನ್ನಿಸಿಕೊಂಡದ್ದಿಲ್ಲ; ಎಲ್ಲವೂ ತೊಂಬತ್ತು ಭಾಗ ಆಗಿರುತ್ತದೆ, ವರ್ಷವಿಡೀ.

ನನ್ನ ಸರದಿ ಬಂದಾಗ ನಮ್ಮ ಆಡಳಿತ ಮಂಡಳಿಯ ಶುಭಾಶಯಗಳಿಂದ ಆರಂಭಿಸಿ, ಕಂಪನಿಯ ಇತಿಹಾಸಕ್ಕೆ ಬಂದು, ಕಟ್ಟಡದ ಶಂಕುಸ್ಥಾಪನೆ ಮುಗಿಸುವಷ್ಟರಲ್ಲಿ ಮರೈಕೆ ಕೇಳಿದರು:

“ಧನ್ಯವಾದ. ಈ ದಿನ ನೀವು ಏನು ಮಾಡುತ್ತೀರಿ?”

“ವೀಕ್ಷಣೆ.”

“ಅದು ಕೆಲಸವಲ್ಲ,” ಎಂದು ನನ್ನ ಕೈಗೊಂದು ಚೀಟಿ ಕೊಟ್ಟರು.

ಅವರ ಕಂಪನಿ ವೃದ್ಧರಿಗೆ ಪಿಂಚಣಿ ಕೊಡುತ್ತದೆ. ಬೇರೆ ದೇಶಗಳಲ್ಲಿ ಹೋಗಿ ನೆಲೆಸಿದವರಿಗೆ ವರ್ಷಕ್ಕೊಮ್ಮೆ, ನೀವು ಬದುಕಿದ್ದೀರೆಂದು ತಿಳಿಸಿ ಎಂಬ ಪತ್ರ ಮತ್ತು ಒಂದು ಅರ್ಜಿ ಹೋಗುತ್ತದೆ. ಅದರ ಇಂಗ್ಲಿಷ್ ಪ್ರತಿಯನ್ನು ಸರಳವಾಗಿ ಹೊಸದಾಗಿ ಬರೆಯಬೇಕು, ಮುಂದಿನ ಗುರುವಾರ ಒಬ್ಬ ನಿಜವಾದ ಪಿಂಚಣಿದಾರರಿಗೆ ತೋರಿಸಬೇಕು. ಚೀಟಿಯಲ್ಲಿ ಇಷ್ಟೇ ಇತ್ತು. ಇಂಥ ಪತ್ರಗಳನ್ನು ಬರೆಯುತ್ತಲೇ ತಲೆ ಬೆಳ್ಳಗಾದವನು ನಾನು. ಒಳಗೊಳಗೇ ಸ್ವಲ್ಪ ಉಬ್ಬಿದೆ.

ಗುರುವಾರ: ವಿಮ್

ಮರುದಿನ ವಿಮ್ ಎಂಬವರ ಪಕ್ಕ ಜಾಗ ಸಿಕ್ಕಿತು. ಅರವತ್ತೊಂದು ವರ್ಷ, ಬಿಳಿ ಗಡ್ಡ, ಊಟಕ್ಕೆ ಬ್ರೆಡ್ಡಿನ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಂಡು ಗಂಭೀರವಾಗಿ ತಿನ್ನುತ್ತಾರೆ. ಬುಧವಾರ ಅವರು ಬರುವುದಿಲ್ಲ. ಮೊಮ್ಮಕ್ಕಳನ್ನು ನೋಡಿಕೊಳ್ಳುವ ದಿನ. ಅದನ್ನು ರಜೆ ಎಂದಲ್ಲ, ಕೆಲಸ ಎಂದೇ ಹೇಳುತ್ತಾರೆ. ಈ ತಂಡದಲ್ಲಿ ಪರೀಕ್ಷಿಸುವವರು ಅವರೊಬ್ಬರೇ. ಹತ್ತು ವರ್ಷದ ಹಿಂದೆ ಅವರು ಅಲ್ಲಿನ ಇಡೀ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥರು. ಪದ್ಮಾವತಿಯವರ ಡಚ್ ಅವತಾರವೇ ಸಿಕ್ಕಿತೆಂದು ನಾನು ನೋಟ್‌ಬುಕ್ ತೆಗೆದೆ.

“ಮೂವತ್ತು ಜನ ಇದ್ದರು. ಬಾಗಿಲ ಮೇಲೆ ನನ್ನ ಹೆಸರಿತ್ತು,” ಎಂದರು ವಿಮ್. “ಒಂದು ಸೋಮವಾರ ಬಂದು ನೋಡಿದರೆ ಬಾಗಿಲೇ ಇರಲಿಲ್ಲ. ಗೋಡೆಯನ್ನೂ ತೆಗೆದಿದ್ದರು.”

“ಕೋಪ ಬರಲಿಲ್ಲವೇ?”

“ಎರಡು ವರ್ಷ ಇತ್ತು.”

“ಈಗ?”

“ಈಗ ಗುರುವಾರ ಮಾತ್ರ.”

ಎರಡು ವರ್ಷ ಕೋಪ ಎಂದು ಬರೆದುಕೊಂಡೆ. ಬೇಡ ಎನ್ನುವುದಕ್ಕೆ ಒಂದು ಕಾರಣ ಸಿಕ್ಕಿತು. ಆಮೇಲೆ ಪದ್ಮಾವತಿಯವರ ಪ್ರಶ್ನೆಯನ್ನೇ ಕೇಳಿದೆ. ಬರೆಯುವವರು ಐದು ಜನ, ನೀವೊಬ್ಬರು. ಅವರೆಲ್ಲ ಆಯಿತು ಅಂದಾಗ ಆಗಿಲ್ಲ ಅನ್ನುವುದು ಹೇಗೆ?

“ಆಗಿಲ್ಲ ಅನ್ನುತ್ತೇನೆ. ಚೀಟಿ ಸರಿಯುವುದಿಲ್ಲ.”

“ಮೇಲಿನವರು ಸರಿಸು ಅಂದರೆ?”

“ಅವರೇ ಮೆಟ್ಟಿಲಿಳಿದು ಬಂದು, ಎಲ್ಲರ ಮುಂದೆ, ತಮ್ಮ ಕೈಯಿಂದ ಸರಿಸಬೇಕು. ಹತ್ತು ವರ್ಷದಲ್ಲಿ ಯಾರೂ ಬಂದಿಲ್ಲ.” ಸ್ವಲ್ಪ ಯೋಚಿಸಿ, “ನಾಚಿಕೆ ಅನ್ನಿಸುತ್ತದೇನೋ,” ಎಂದರು.

ಇದನ್ನು ಬರೆದುಕೊಳ್ಳಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದೆ. ಮತ್ತೆ ಎದ್ದೆ. ಅಲ್ಲಿ ಯಾರಾದರೂ ಓಡಾಡುತ್ತಿದ್ದರೆ ಏನಾಯಿತೆಂದು ಕೇಳುವುದಿಲ್ಲ; ಹೆಜ್ಜೆ ಎಣಿಸುತ್ತಿದ್ದಾರೆಂದು ತಿಳಿಯುತ್ತಾರೆ.

ಎಲ್ಲ ಸ್ವರ್ಗವೆಂದು ಓದುಗರು ತಿಳಿಯಬಾರದು. ಪಕ್ಕದ ತಂಡದ ಬೋರ್ಡಿನಲ್ಲಿ ಒಂದು ಚೀಟಿ ಬೇಸಿಗೆಯಿಂದ ಅಲ್ಲೇ ಅಂಟಿಕೊಂಡು ಮೂಲೆಗಳು ಸುರುಟಿದ್ದವು. ನಾಲ್ಕನೇ ಮಹಡಿಯಲ್ಲಿ, ಸಮಿತಿಗಳನ್ನು ಕಡಿಮೆ ಮಾಡುವುದು ಹೇಗೆಂದು ಚರ್ಚಿಸುವ ಸಮಿತಿಯೊಂದು ಪ್ರತಿ ಗುರುವಾರ ಸೇರುತ್ತಿತ್ತು. ಬಾಗಿಲ ಸಂದಿಯಿಂದ ನೋಡಿದೆ. ಇಪ್ಪತ್ತು ಜನ, ಎಲ್ಲರಿಗೂ ಕುರ್ಚಿ. ಊರು ಬಿಟ್ಟು ಬಂದ ಮೇಲೆ ಮೊದಲ ಸಲ ಮನಸ್ಸಿಗೆ ಹಿತವಾಯಿತು.

ಭಾನುವಾರ: ಹುಟ್ಟುಹಬ್ಬದ ವೃತ್ತ

ಭಾನುವಾರ ಮೂರರಿಂದ ಐದರವರೆಗೆ ಮರೈಕೆಯ ಗಂಡನ ಹುಟ್ಟುಹಬ್ಬ. ಐದಕ್ಕೆ ಮುಗಿಯುತ್ತದೆಂದು ಆಹ್ವಾನದಲ್ಲೇ ಇತ್ತು. ನಡುಮನೆಯಲ್ಲಿ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿದ್ದರು. ಒಳಗೆ ಬಂದವರು ವೃತ್ತದಲ್ಲಿ ಸುತ್ತಿ ಪ್ರತಿಯೊಬ್ಬರ ಕೈ ಕುಲುಕಿ ಅಭಿನಂದನೆ ಹೇಳಬೇಕು. ಗಂಡನಿಗೆ ಹುಟ್ಟುಹಬ್ಬವಾದರೆ ಹೆಂಡತಿಗೆ ಅಭಿನಂದನೆ, ಅತ್ತೆಗೆ ಅಭಿನಂದನೆ, ಪಕ್ಕದ ಮನೆಯವರಿಗೂ ಅಭಿನಂದನೆ. ಒಬ್ಬ ಮುದುಕರು ನನ್ನ ಕೈ ಹಿಡಿದು, “ಮರೈಕೆಯ ಗಂಡನ ಬಗ್ಗೆ ಅಭಿನಂದನೆಗಳು,” ಎಂದರು. ಆ ಗಂಡನನ್ನು ನಾನು ಆಗಷ್ಟೇ ನೋಡಿದ್ದೆ. ಆದರೂ ಸ್ವೀಕರಿಸಿದೆ.

ಒಂದು ತುಂಡು ಕೇಕು. ಕತ್ತರಿಸಿದ್ದನ್ನು ನೋಡಿದರೆ ಬಂದವರನ್ನು ಮೊದಲೇ ಎಣಿಸಿದ್ದರು. ನಮ್ಮ ಎನ್.ಆರ್. ಕಾಲೋನಿ ಕಡೆ ಹೇಳದೆ ಬಂದ ನಾಲ್ವರಿಗೂ ಸೇರಿಸಿ ಅನ್ನ ಇಟ್ಟಿರುತ್ತಾರೆ. ಹೋಗುತ್ತೇನೆ ಎಂದು ಎದ್ದವರು ಬಾಗಿಲಲ್ಲಿ ಇನ್ನೂ ಮುಕ್ಕಾಲು ಗಂಟೆ ನಿಂತು ಮಾತಾಡುತ್ತಾರೆ. ಇಲ್ಲಿ ಐದಕ್ಕೆ ಎಲ್ಲರೂ ಎದ್ದರು. ಐದು ಹತ್ತಕ್ಕೆ ನಾನು ಕಾಲುವೆಯ ಪಕ್ಕ ಒಬ್ಬನೇ ನಿಂತಿದ್ದೆ.

ಆಗ ಪದ್ಮಾವತಿಯವರ ಸಂದೇಶ ಬಂತು. ‘ಸಾರ್, ಊಟ ಸರಿಹೋಗ್ತಿದ್ಯಾ? ನಮ್ಮವರೆಲ್ಲ ಕೇಳ್ತಿದಾರೆ, ಏನ್ ಬರೀತಿದೀರಿ ಅಂತ. ನಾನು ಹೇಳಿದೀನಿ, ಸಾರ್ ಇದಾರೆ ಬಿಡಿ ಅಂತ.’

ಊರಿನ ದೊಡ್ಡ ಗೋಪುರದಲ್ಲಿ ಗಂಟೆ ಹೊಡೆಯುತ್ತಿತ್ತು. ಕಾಲುವೆಯ ಈ ದಡದಲ್ಲಿ ಹೋಗಿ ಆ ದಡದಲ್ಲಿ ವಾಪಸ್ಸು ಬಂದೆ. ಹೀಗೆ ಎಷ್ಟು ಸಲವೋ. ಊಟ ಸರಿಹೋಗುತ್ತಿದೆ ಎಂಬುದಕ್ಕೆ ಮಾತ್ರ ಉತ್ತರ ಬರೆದೆ.

ಬುಧವಾರ: ನನ್ನ ಪತ್ರ

ಎರಡನೇ ಬುಧವಾರಕ್ಕೆ ನನ್ನ ಪತ್ರ ಸಿದ್ಧವಾಯಿತು. ಸರಳವಾಗಿ ಬರೆಯಿರಿ ಎಂದಿದ್ದರು. ಎರಡೇ ಪುಟದಲ್ಲಿ ಮುಗಿಸಿದ್ದೆ. ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ಎಂದು ಶುರು ಮಾಡಿ, ಪಿಂಚಣಿದಾರರು ಜೀವಂತ ಇರುವ ಬಗ್ಗೆ ಖಾತರಿಪಡಿಸುವ ಸಲುವಾಗಿ ಎಂದು ಮುಂದುವರಿಸಿ, ಅರ್ಜಿಯ ಕೊನೆಗೆ ಒಂದು ಚೌಕಟ್ಟು ಹಾಕಿದ್ದೆ. ಅದರಲ್ಲಿ ಗೆಜೆಟೆಡ್ ಅಧಿಕಾರಿಯ ಸಹಿ ಮತ್ತು ಮೊಹರು ಬೇಕು. ಹಳೆಯ ಅರ್ಜಿಯಲ್ಲಿ ಅದು ಇರಲಿಲ್ಲ. ಯಾರೋ ಮರೆತಿದ್ದಾರೆಂದು ತಿಳಿದು ಸೇರಿಸಿದೆ. ಮನುಷ್ಯ ತಾನು ಬದುಕಿದ್ದೇನೆಂದು ತಾನೇ ಹೇಳಿಕೊಂಡರೆ ನಂಬುವುದು ಹೇಗೆ?

ನಾಳೆಯೇ ಪ್ರದರ್ಶನ. ಚೀಟಿ ಇನ್ನೂ ‘ಮಾಡುತ್ತಿದ್ದೇವೆ’ ಸಾಲಿನಲ್ಲಿತ್ತು. ಪರೀಕ್ಷಿಸಬೇಕಾದ ವಿಮ್ ಮೊಮ್ಮಕ್ಕಳ ಜೊತೆ. ನಮ್ಮ ದೇಶದಿಂದ ಬಂದವನ ಚೀಟಿ ಹಿಂದೆ ಉಳಿಯಿತು ಎನ್ನಿಸಿಕೊಳ್ಳಬೇಕೇ? ಬೋರ್ಡಿನ ಹತ್ತಿರ ಹೋದೆ. ಅಲ್ಲೇ ನಾಲ್ಕು ಜನ ಕೂತಿದ್ದರು. ಚೀಟಿ ಕಿತ್ತು ‘ಆಯಿತು’ ಸಾಲಿಗೆ ಅಂಟಿಸಿದೆ. ಅಷ್ಟಕ್ಕೆ ಬಿಡಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಅದರ ಮೇಲೆ ಸಹಿ ಹಾಕಿದೆ. ಕೆಳಗೆ ತಾರೀಖು.

ನಾಲ್ವರೂ ನೋಡಿದರು. ಅತಿಥಿಯೆಂದು ಸುಮ್ಮನಿದ್ದರೋ, ಇದು ನಮ್ಮ ಸಂಪ್ರದಾಯವೆಂದು ತಿಳಿದರೋ ಗೊತ್ತಿಲ್ಲ.

ಗುರುವಾರ: ಬ್ರೆಡ್ ಅಂಗಡಿಯವನ ಸಾಕ್ಷಿ

ಪ್ರದರ್ಶನಕ್ಕೆ ಬಂದವರು ಎಂಬತ್ತೆರಡು ವರ್ಷದ ಅಜ್ಜಿ. ಪೋರ್ಚುಗಲ್ಲಿನ ಒಂದು ಹಳ್ಳಿಯಲ್ಲಿ ಒಬ್ಬರೇ ಇರುತ್ತಾರೆ, ಮಗಳನ್ನು ನೋಡಲು ಬಂದಿದ್ದರು. ತಂಡವೆಲ್ಲ ನಿಂತಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ನನ್ನ ಪತ್ರವನ್ನು ಪರದೆಯ ಮೇಲೆ ಓದತೊಡಗಿದರು. ಮೊದಲ ಪ್ಯಾರಾ ಮುಗಿಸಿ ಮತ್ತೆ ಮೊದಲಿಂದ ಓದಿದರು.

“ನನಗೇನಾಗಿದೆ ಅಂತ ಇವರು ಹೇಳುತ್ತಿದ್ದಾರೆ?” ಎಂದು ಮರೈಕೆಯನ್ನು ಕೇಳಿದರು.

“ಏನೂ ಆಗಿಲ್ಲ. ನೀವು ಬದುಕಿದ್ದೀರಾ ಅಂತ ಕೇಳುತ್ತಿದ್ದಾರೆ.”

“ಅಷ್ಟೇನಾ?” ಅಜ್ಜಿ ಓದುತ್ತ ಕೆಳಗೆ ಬಂದರು, ಚೌಕಟ್ಟಿನ ಹತ್ತಿರ ನಿಂತರು. “ಈ ಅಧಿಕಾರಿ ಯಾರು? ನನ್ನ ಹಳ್ಳಿಯಲ್ಲಿ ಇರುವುದು ಒಬ್ಬ ಬ್ರೆಡ್ ಅಂಗಡಿಯವನು. ದಿನಾ ಬೆಳಿಗ್ಗೆ ಹೋಗುತ್ತೇನೆ, ಹಾಗಾಗಿ ನಾನು ಬದುಕಿದ್ದೇನೆಂದು ಅವನಿಗೆ ಗೊತ್ತು. ಅವನ ಸಹಿ ಆಗುತ್ತದೆಯೇ?”

ಎಲ್ಲರೂ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. “ಆ ಅಧಿಕಾರಿ ಸಿಗದಿದ್ದರೆ ನನ್ನ ಪಿಂಚಣಿ ನಿಲ್ಲುತ್ತದೆಯೇ?” ಎಂದರು. ನಗು ನಿಂತಿತು.

ವಿಮ್ ಬೋರ್ಡಿನ ಕಡೆ ನೋಡಿದರು. ಹತ್ತಿರ ಹೋಗಿ ನನ್ನ ಸಹಿಯನ್ನು ಮೂಗಿಗೆ ಹತ್ತಿರ ಹಿಡಿದು ಓದಿದರು.

“ಇದನ್ನು ನೋಡಿದ್ದು ಯಾರು?”

“ನಾನು ಒಪ್ಪಿಗೆ ಕೊಟ್ಟಿದ್ದೇನೆ,” ಎಂದೆ.

“ಅದನ್ನು ಕೇಳಲಿಲ್ಲ. ನೋಡಿದ್ದು ಯಾರು?”

ವಿಮ್ ಚೀಟಿಯನ್ನು ಹಿಂದಿನ ಸಾಲಿಗೆ ಅಂಟಿಸಿ, “ಆಗಿಲ್ಲ,” ಎಂದರು. ಹವಾಮಾನ ವರದಿ ಹೇಳುವಷ್ಟೇ ಸಾದಾ ದನಿಯಲ್ಲಿ. ಮರೈಕೆ ಅಜ್ಜಿಯ ಪಕ್ಕ ಕೂತು, ನಿಮ್ಮ ಪಿಂಚಣಿ ನಿಲ್ಲುವುದಿಲ್ಲ, ಈ ಪತ್ರ ಇನ್ನೂ ಹೊರಗೆ ಹೋಗಿಲ್ಲ, ಅದಕ್ಕೇ ನಿಮ್ಮನ್ನು ಕರೆದದ್ದು ಎಂದು ನಿಧಾನವಾಗಿ ಹೇಳಿದರು. ಮಧ್ಯಾಹ್ನ ನಾನು ಮತ್ತು ವಿಮ್ ಪತ್ರವನ್ನು ಐದು ಸಾಲಿಗೆ ಇಳಿಸಿದೆವು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸಮಜಾಯಿಷಿ ಕೊಟ್ಟು ಮುಗಿಸುತ್ತಿದ್ದೆ.

ಕಾಫಿಗೆ ವಿಮ್ ಜೊತೆ ಹೋದೆ. ಅವರ ಕಣ್ಣು ನೋಡದೆ, ಓಕಳಿಪುರದ ಯಜಮಾನರ ಕತೆಯನ್ನೆಲ್ಲ ಹೇಳಿದೆ. ಪದ್ಮಾವತಿಯವರು ನಿಲ್ಲಿಸಿ ಎಂದು ಬರೆದದ್ದು, ನಾನು ಗಮನಿಸಿ ಸಹಿ ಹಾಕಿದ್ದು, ಮೇಲಿನವರು ಎಂದದ್ದು, ತಪ್ಪು ಅವರ ತಲೆಗೆ ಬಂದದ್ದು, ಈಗ ಅವರು ಕಾಪಾಡಿಕೊಳ್ಳಲು ಹೊರಟಿರುವ ಬಾಗಿಲನ್ನು ನಾನು ಎಂದೋ ಹಿಂದಿನಿಂದ ತೆಗೆದಿಟ್ಟದ್ದು.

ವಿಮ್ ಬಿಸ್ಕತ್ತು ಮುಗಿಸಿದರು.

“ಆಕೆಗೆ ಗೊತ್ತೇ?”

“ಇಲ್ಲ.”

“ಹಾಗಾದರೆ ನನಗೇಕೆ ಹೇಳುತ್ತಿದ್ದೀರಿ?”

ಈ ದೇಶದವರ ನೇರ ಮಾತಿನ ಬಗ್ಗೆ ಹೊರಡುವ ಮುಂಚೆ ಯಾರೋ ಎಚ್ಚರಿಸಿದ್ದರು. ತರಕಾರಿ ಚೆನ್ನಾಗಿಲ್ಲ, ಅಂಗಿ ಒಪ್ಪುವುದಿಲ್ಲ ಎಂಬಂಥ ಮಾತು ಎಂದುಕೊಂಡಿದ್ದೆ.

ಶುಕ್ರವಾರ: ಐದನೇ ಪ್ಲಾಟ್‌ಫಾರಂ

ವಿಮಾನ ನಿಲ್ದಾಣದ ರೈಲಿಗೆ ಹದಿನೆಂಟು ನಿಮಿಷವಿತ್ತು. ಬೆಂಗಳೂರಿನಲ್ಲಿ ಮಧ್ಯಾಹ್ನದ ಊಟ ಮುಗಿದ ಹೊತ್ತು. ಪ್ಲಾಟ್‌ಫಾರಮ್ಮಿನಲ್ಲಿ ಹಿಂದೆ ಮುಂದೆ ನಡೆಯುತ್ತ ಪದ್ಮಾವತಿಯವರಿಗೆ ಫೋನ್ ಮಾಡಿದೆ.

“ಹೇಳಿ ಸಾರ್. ಬೇಡ ಅಂತ ಬರೆದ್ರಾ?”

“ಇಲ್ಲ. ಮೊದಲು ಒಂದು ವಿಷಯ ಹೇಳಬೇಕು. ಸಂತಾಪದ ಪತ್ರದ್ದು. ಮೇಲಿನವರು ಒಪ್ಪಲಿಲ್ಲ ಅಂದಿದ್ನಲ್ಲ, ಮೇಲಿನವರು ಯಾರೂ ಇರ್ಲಿಲ್ಲ. ನಾನೇ.”

ಒಂದು ರೈಲು ಬಂತು, ಜನ ಇಳಿದರು, ಹೋಯಿತು.

“ಪದ್ಮಾವತಿ?”

“ಇದೀನಿ ಸಾರ್.” ದನಿ ಸಣ್ಣದಾಗಿತ್ತು. “ಎಷ್ಟು ಸಲ?”

“ಏನು ಎಷ್ಟು ಸಲ?”

“ಮೇಲಿನವರು ಒಪ್ಪಲಿಲ್ಲ ಅಂತ ನೀವು ಅಂದದ್ದು.”

“ಎಣಿಸಿಲ್ಲ.”

“ನಾನು ಎಣಿಸಿದೀನಿ. ಹನ್ನೊಂದು. ಹನ್ನೊಂದೂ ನೀವೇನಾ?”

“ಹನ್ನೊಂದೂ ಅಂತ ಹೇಳಕ್ಕಾಗಲ್ಲ.”

“ಸಾರ್.”

“ಹೂಂ. ಹೆಚ್ಚೂ ಕಮ್ಮಿ ನಾನೇ.”

“ನಾನು ನಮ್ಮ ಹುಡುಗೀರಿಗೆಲ್ಲ ಏನ್ ಹೇಳ್ತಿದ್ದೆ ಗೊತ್ತಾ? ಬರೆದು ಮೂರ್ತಿ ಸಾರ್‌ಗೆ ಕಳ್ಸಿ, ಅವರು ನೋಡ್ಕೋತಾರೆ ಅಂತ.” ಆಮೇಲೆ, “ಇಡ್ತೀನಿ ಸಾರ್, ಮೀಟಿಂಗ್ ಇದೆ,” ಎಂದು ಇಟ್ಟರು. ಶುಕ್ರವಾರ ಆ ಹೊತ್ತಿಗೆ ಅವರಿಗೆ ಯಾವ ಮೀಟಿಂಗೂ ಇರುವುದಿಲ್ಲ.

ರೈಲಿನಲ್ಲಿ ಜಾಗವಿತ್ತು. ಬಾಗಿಲ ಹತ್ತಿರ ನಿಂತೇ ಹೋದೆ. ವಿಮಾನದಲ್ಲಿ ವರದಿ ಬರೆದೆ. ಟೆಸ್ಟಿಂಗ್ ವಿಭಾಗವನ್ನು ತಂಡಗಳಿಗೆ ಹಂಚಬಹುದು. ಪರೀಕ್ಷಿಸುವವರು ಆಗಿಲ್ಲ ಎಂದರೆ ತಂಡದಲ್ಲಿ ಯಾರೂ ಅದನ್ನು ಆಯಿತು ಎನ್ನುವಂತಿಲ್ಲ. ಅದನ್ನು ಮೀರಬೇಕೆಂದವರು ಎಲ್ಲರ ಮುಂದೆ ಬಂದು ಮೀರಬೇಕು. ಏಳು ಸಹಿ ಹಾಕುವ ನಮ್ಮ ಅನುಮೋದನೆ ಸಮಿತಿಯನ್ನು ಇದಕ್ಕಿಂತ ಮೊದಲೇ ಮುಚ್ಚಬೇಕು. ಯಾಕೆಂಬುದಕ್ಕೆ ಒಂದು ಪ್ಯಾರಾ. ಪಕ್ಕದ ಸೀಟಿನವರು ಎರಡು ಸಲ ನನಗಾಗಿ ಎದ್ದು ಜಾಗ ಬಿಟ್ಟು, ಮೂರನೆಯ ಸಲ ಸೀಟನ್ನೇ ಬದಲಾಯಿಸಿಕೊಂಡರು.

ಸೋಮವಾರ: ಎರಡನೇ ಮಹಡಿ

ಸೋಮವಾರ ಡೈರೆಕ್ಟರ ಕೋಣೆಗೆ ಹೋಗುವ ಮುಂಚೆ ಟೆಸ್ಟಿಂಗ್ ವಿಭಾಗಕ್ಕೆ ಹೋದೆ. ಹದಿನಾಲ್ಕು ಜನರೂ ಇದ್ದರು. ಪದ್ಮಾವತಿಯವರು ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. ಫೋನಿನಲ್ಲಿ ಅವರಿಗೆ ಹೇಳಿದ್ದನ್ನು ಎಲ್ಲರಿಗೂ ಹೇಳಿದೆ. ಸಣ್ಣದಾಗಿಯೇ ಮುಗಿಯಿತು, ಅಷ್ಟು ಸಣ್ಣ ಭಾಷಣ ನಾನು ಆ ಕಟ್ಟಡದಲ್ಲಿ ಮಾಡಿಲ್ಲ. ಹಿರಿಯರು ತಪ್ಪೊಪ್ಪಿಕೊಂಡರೆ ಮುಂದೇನು ಮಾಡಬೇಕೆಂದು ನಮ್ಮಲ್ಲಿ ಯಾರಿಗೂ ಅಭ್ಯಾಸವಿಲ್ಲ. ಒಬ್ಬಾಕೆ ಎದ್ದು ಫ್ಯಾನ್ ಜೋರು ಮಾಡಿದಳು.

ಪದ್ಮಾವತಿಯವರು ಕೈ ಚಾಚಿದರು.

“ವರದಿ ಕೊಡಿ.”

“ಡೈರೆಕ್ಟರಿಗೆ ಕೊಡಬೇಕು, ಹನ್ನೊಂದಕ್ಕೆ.”

“ಇನ್ಮೇಲೆ ಪರೀಕ್ಷೆ ಮಾಡೋರು ನೋಡದೇ ಏನೂ ಹೊರಗೆ ಹೋಗ್ಬಾರ್ದು ಅಂತ ತಾನೇ ಬರ್ದಿರೋದು?”

ಕೊಟ್ಟೆ. ಅವರು ಓದಿದರು. ಪೆನ್ಸಿಲ್ ತೆಗೆದುಕೊಂಡು, ನಮ್ಮ ಸಾಫ್ಟ್‌ವೇರಿನ ತಪ್ಪು ಹುಡುಕುವಾಗ ಕೂರುವ ಹಾಗೆಯೇ ಮುಂದೆ ಬಾಗಿ ಕೂತು, ಒಂದೊಂದೇ ಸಾಲು. ಇಡೀ ವಿಭಾಗ ನನ್ನನ್ನು ನೋಡುತ್ತಿತ್ತು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಕ್ಯಾಲೆಂಡರ್ ನೋಡಿದೆ. ಎರಡನೇ ಪುಟದಲ್ಲಿ ಪೆನ್ಸಿಲ್ ನಿಂತಿತು.

“ಹಂಚೋ ವಿಷಯ ಬರ್ದಿದೀರಿ. ಅದಕ್ಕೆ ನನಗೆ ಕೋಪ ಇದೆ, ಅದು ಬೇರೆ. ಸಮಿತಿ ಮುಚ್ಚಿ ಅಂತಾನೂ ಬರ್ದಿದೀರಿ, ಸರಿ. ಆದ್ರೆ ಇಲ್ಲಿ ನೋಡಿ, ‘ಹನ್ನೊಂದು ಸಂದರ್ಭಗಳಲ್ಲಿ ಪರೀಕ್ಷಾ ವಿಭಾಗದ ಆಕ್ಷೇಪವನ್ನು ಸಮಿತಿ ಬದಿಗಿರಿಸಿದೆ’ ಅಂತಿದೆ. ಸಮಿತೀಲಿ ಏಳು ಜನ ಇದಾರೆ.”

“ಹೌದು.”

“ಇದರಲ್ಲಿ ನಿಮ್ಮ ಹೆಸರೇ ಇಲ್ವಲ್ಲ ಸಾರ್.”

ಹನ್ನೊಂದು ಗಂಟೆಗೆ ಇನ್ನು ಹತ್ತು ನಿಮಿಷವಿತ್ತು. ಅವರು ಕಾಗದಗಳನ್ನು ಜೋಡಿಸಿ, ಅಂಚು ಸರಿಮಾಡಿ, ನನ್ನ ಕಡೆ ತಳ್ಳಿದರು.

“ಆಗಿಲ್ಲ,” ಎಂದರು.

ಆ ದಿನ ಡೈರೆಕ್ಟರಿಗೆ ವರದಿ ಹೋಗಲಿಲ್ಲ. ಮರುದಿನ ಹೋಯಿತು.